ಅಲ್ಪುಹಾರ ಸೀಮೆಯ ಹಳ್ಳಿಗಳೂ ನೀರೂ



ಸ್ಪೇನ್ ದೇಶವೆಂದೊಡನೆ ನಮ್ಮಲ್ಲಿ ಇಂಗ್ಲಿಷು ಓದಿದವರ ಮನಸ್ಸಿಗೆ ಬರುವ ಚಿತ್ರಗಳು ಎರಡು ಮೂರು ಮಾತ್ರ. ಗೂಳಿಯ ಕಾಳಗ ಒಂದು. ಗಾಳಿಯ ಗಿರಣಿಗಳನ್ನು ರಾಕ್ಷಸರೆಂದು ಬಗೆದು ಈಟಿ ಹಿಡಿದು ನುಗ್ಗಿದ ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ಇನ್ನೊಂದು. ಅಮೆರಿಕಾ ಖಂಡದ ಚಿನ್ನ ಬೆಳ್ಳಿಗಳನ್ನು ಹೇರಿಕೊಂಡು ಬಂದ ಹಡಗುಗಳು ಮತ್ತೊಂದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇವುಗಳ ಹಿಂದೆ ಹಳ್ಳಿಗಳ ಸ್ಪೇನ್ ದೇಶವೊಂದುಂಟು. ಅದನ್ನು ನೋಡಬೇಕಾದರೆ ರೈಲುದಾರಿಯನ್ನು ಬಿಟ್ಟು ಬೆಟ್ಟದ ದಾರಿಯನ್ನು ಹಿಡಿಯಬೇಕು. ಅಂಥ ಒಂದು ಬೆಟ್ಟಸೀಮೆಯ ವಿಷಯವಾಗಿ ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆ ಸೀಮೆಯ ಹೆಸರು ಅಲ್ಪುಹಾರ. ಹೆಸರನ್ನು ಕೇಳಿ, ಇದು ಸಂಜೆಯ ಕಾಫಿಯೊಡನೆ ಬರುವ ಅಲ್ಪಾಹಾರವೆಂದು ಶ್ರೋತೃಗಳು ಭ್ರಮಿಸಬಾರದು. ಅಲ್ಲಿನ ಒಕ್ಕಲುಮಕ್ಕಳು ಬಹುಕಾಲ ಅಲ್ಪಾಹಾರದಿಂದಲೇ ತೃಪ್ತರಾಗಬೇಕಾಗಿದ್ದಿತೆಂಬುದು ಮಾತ್ರ ನಿಜ.

ಮೊದಲು ಈ ಸೀಮೆ ಎಲ್ಲಿರುವುದೆಂಬುದನ್ನು ತಿಳಿಯೋಣ. ಸ್ಪೇನಿನ ದಕ್ಷಿಣದಲ್ಲಿ ಆಂಡಲೂಸಿಯಾ ಪ್ರಾಂತ. ಅದರಲ್ಲಿ ಅಲ್‌ಹಂಬ್ರಾ ಅರಮನೆಯಿಂದ ಪ್ರಸಿದ್ಧವಾದ ಗ್ರಾನಾಡಾ ಪಟ್ಟಣ. ಪಟ್ಟಣದ ಆಗ್ನೇಯಕ್ಕೆ ಸಿಯೆರಾ ನೆವಾಡಾ ಎಂಬ ಪರ್ವತಶ್ರೇಣಿ ಎದ್ದು ನಿಂತಿದೆ. ಆ ಹೆಸರಿಗೆ ಹಿಮದ ಶ್ರೇಣಿ ಎಂದೇ ಅರ್ಥ. ಅದರ ಮುಲಾಸೆನ್ ಶಿಖರದ ಎತ್ತರ 3,479 ಮೀಟರು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳನ್ನೊಳಗೊಂಡ ಪರ್ಯಾಯದ್ವೀಪದಲ್ಲೆಲ್ಲಾ ಇದಕ್ಕಿಂತ ಎತ್ತರವಾದ ಬೆಟ್ಟವಿಲ್ಲ. ಹೀಗಿದ್ದೂ ಆ ಶಿಖರದಿಂದ ಮೆಡಿಟರೇನಿಯನ್ ಸಮುದ್ರದ ದಂಡೆಗೆ ನೇರವಾಗಿ ಅಳೆದರೆ ಸುಮಾರು 35 ಕಿಲೋಮೀಟರು ಮಾತ್ರ. ಮೇಲೆ ಬೇಸಗೆಯ ಮೊದಲವರೆಗೂ ಕರಗದ ಹಿಮ. ಕೆಳಗೆ ಕಡಲ ದಂಡೆಯಲ್ಲಿ 2006ರವರೆಗೂ ಗಾಣಕ್ಕೆ ಕಬ್ಬು ಹೋಗುತ್ತಿದ್ದ ಬಿಸಿಲುನಾಡು. ಈಗ ಅಲ್ಲಿ ಮಾವು ಬೆಳೆಯುತ್ತದೆ. ನಮ್ಮ ಸೀತಾಫಲದ ದಾಯಾದಿಯಾದ ಚಿರಿಮೋಯಾ ಹಣ್ಣೂ ಬೆಳೆಯುತ್ತದೆ. ಹಿಮಕ್ಕೂ ಮಾವಿಗೂ ನಡುವಣ ಇಳಿಜಾರೇ ಅಲ್ಪುಹಾರ. ಅದರ ಪಶ್ಚಿಮಭಾಗದ ನೀರನ್ನು ಗ್ವಾದಲ್ಫೇಓ ನದಿಯೂ ಪೂರ್ವಭಾಗದ ನೀರನ್ನು ಅಂದರಾಕ್ಸ್ ನದಿಯೂ ಸಮುದ್ರಕ್ಕೆ ಒಯ್ಯುತ್ತವೆ.

ಇನ್ನು ನನ್ನೊಡನೆ ಕಲ್ಪನೆಯಲ್ಲಿ ಪ್ರಯಾಣ ಮಾಡಿರಿ. ಗ್ರಾನಾಡಾದಿಂದ ದಕ್ಷಿಣಕ್ಕೆ ಹೊರಟ ದಾರಿ ಮೊದಲು ಒಂದು ಕಣಿವೆಯ ನೆತ್ತಿಯನ್ನು ಏರುತ್ತದೆ. ಅದಕ್ಕೆ 'ಮೂರನ ನಿಟ್ಟುಸಿರು' ಎಂದು ಹೆಸರು. 1492ನೆಯ ಇಸವಿ ಜನವರಿ 2ರಂದು ತನ್ನ ರಾಜಧಾನಿಯನ್ನು ಕ್ರೈಸ್ತ ದೊರೆಗಳಿಗೆ ಒಪ್ಪಿಸಿ ಹೊರಟ ಕೊನೆಯ ಮುಸಲ್ಮಾನ ದೊರೆ ಬೋಆಬ್ದಿಲನು ಇಲ್ಲಿ ನಿಂತು ಹಿಂತಿರುಗಿ ನೋಡಿ ನಿಟ್ಟುಸಿರುಬಿಟ್ಟನೆಂದು ಐತಿಹ್ಯ. ಅವನಿಗೆ ಇರುವುದಕ್ಕೆಂದು ಕೊಟ್ಟ ಸೀಮೆ ಈ ಅಲ್ಪುಹಾರವೇ. ಅವನು ಅಲ್ಲಿ ಬಹುಕಾಲ ನಿಲ್ಲಲಿಲ್ಲ. 1493ರಲ್ಲಿ ಸಮುದ್ರವನ್ನು ದಾಟಿ ಮೊರಾಕ್ಕೋ ದೇಶಕ್ಕೆ ಹೋದನು. ದೊರೆ ಹೋದನು; ಪ್ರಜೆಗಳು ಉಳಿದರು. ನಮ್ಮ ಕಥೆ ಆ ಪ್ರಜೆಗಳದು.

ಮುಂದೆ ಖನಿಜಜಲಕ್ಕೆ ಹೆಸರಾದ ಲಾಂಹರೋನ್, ಆಮೇಲೆ ಸಂತೆಯ ಊರಾದ ಓರ್ಹಿವಾ. ಅಲ್ಲಿಂದ ದಾರಿ ಹಾವಿನಂತೆ ಸುತ್ತುತ್ತಾ ಪೊಕೆಯ್ರಾ ಎಂಬ ಕೊರಕಲಿನ ಅಂಚಿನಲ್ಲಿ ಮೇಲೇರುತ್ತದೆ. ಒಂದರ ತಲೆಯ ಮೇಲೊಂದು ಕುಳಿತಂತೆ ಮೂರು ಹಳ್ಳಿಗಳು ಕಾಣುತ್ತವೆ: ಪಂಪನೇಯ್ರಾ, ಬುಬಿಯೋನ್, ಕಪಿಲೇಯ್ರಾ. ದೂರದಿಂದ ನೋಡಿದವರಿಗೆ, ಬೆಟ್ಟದ ಪಕ್ಕೆಯಲ್ಲಿ ಯಾರೋ ಸುಣ್ಣದ ಗಡಿಗೆಯನ್ನು ಒಡೆದಿದ್ದಾರೆಂದು ತೋರಬಹುದು.

ಹತ್ತಿರ ಹೋದರೆ ಮನೆಗಳ ಕಟ್ಟಡ ವಿಚಿತ್ರವಾಗಿರುವುದು ತಿಳಿಯುತ್ತದೆ. ಸ್ಪೇನಿನ ಉಳಿದ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಹೆಂಚಿನ ಇಳಿಜಾರು ಮಾಡು. ಇಲ್ಲಿ ಚಪ್ಪಟೆಯಾದ ಮಣ್ಣಿನ ಮಾಳಿಗೆ. ದಪ್ಪನಾದ ಕಲ್ಲುಗೋಡೆಗಳ ಮೇಲೆ ಚೆಸ್ಟ್‌ನಟ್ ಮರದ ತೊಲೆಗಳನ್ನಿಟ್ಟು, ಅವುಗಳ ಮೇಲೆ ಚಪ್ಪಡಿಗಳನ್ನು ಹಾಸಿ, ಅದರ ಮೇಲೆ ಲೌನಾ ಎಂಬ ನೀಲಿ ಛಾಯೆಯ ಬೂದುಬಣ್ಣದ ಜೇಡಿಯನ್ನು ಹೊದಿಸುತ್ತಾರೆ. ಈ ಮಣ್ಣು ತೊಯ್ದರೆ ಹೆಪ್ಪುಗಟ್ಟಿ ನೀರನ್ನು ಒಳಕ್ಕೆ ಬಿಡುವುದಿಲ್ಲ. ನಮ್ಮ ಚಿತ್ರದುರ್ಗ ಬಳ್ಳಾರಿಗಳ ಕಡೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಸಮುದ್ರದಾಚೆ ಮೊರಾಕ್ಕೋ ದೇಶದ ಅಟ್ಲಾಸ್ ಪರ್ವತಗಳಲ್ಲಿ ಬರ್ಬರ್ ಜನರ ಮನೆಗಳೂ ಇದೇ ಬಗೆಯವು. ಇಳಿಜಾರು ಕಡಿದಾದುದರಿಂದ ಒಬ್ಬನ ಮಾಳಿಗೆ ಮೇಲಣ ಬೀದಿಯವನ ಬಾಗಿಲ ಮಟ್ಟಕ್ಕೆ ಬರುತ್ತದೆ. ಅದರ ಮೇಲೆ ಅಂಜೂರ, ಮೆಣಸಿನಕಾಯಿ, ಮುಸುಕಿನ ಜೋಳಗಳನ್ನು ಒಣಹಾಕುವುದು ವಾಡಿಕೆ. ಕೆಲವೆಡೆ ಬೀದಿಯ ಮೇಲೆಯೇ ತೊಲೆ ಹಾಕಿ ಮನೆಯನ್ನು ಮುಂದಕ್ಕೆ ಚಾಚಿರುವುದರಿಂದ ನಡೆಯುವವರಿಗೆ ಬಿಸಿಲಿನಲ್ಲಿ ನೆರಳೂ ಮಳೆಯಲ್ಲಿ ಆಸರೆಯೂ ದೊರೆಯುತ್ತವೆ. ಬೀದಿಯ ನಡುವೆ ಕಲ್ಲುಗಾಲುವೆಯಲ್ಲಿ ನೀರು ಸದಾ ಹರಿಯುತ್ತಿರುತ್ತದೆ.

ಈ ನೀರಿನ ಸದ್ದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಅಲ್ಪುಹಾರದ ಗುಟ್ಟೆಲ್ಲವೂ ಅದರಲ್ಲಿದೆ.

ದಕ್ಷಿಣ ಸ್ಪೇನಿನಲ್ಲಿ ಮಳೆ ಬರುವುದು ನಮ್ಮಂತೆ ಬೇಸಗೆಯ ಕೊನೆಯಲ್ಲಲ್ಲ. ಚಳಿಗಾಲದಲ್ಲಿ, ಅದರ ಹಿಂದು ಮುಂದಿನ ತಿಂಗಳುಗಳಲ್ಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶದಿಂದ ಹನಿ ಬೀಳುವುದೇ ಅಪರೂಪ. ಎದುರಿಗಿರುವ ಕಾಂತ್ರವಿಯೇಸಾ, ಗಾದೊರ್ ಎಂಬ ತಗ್ಗುಬೆಟ್ಟಗಳು ಆಗ ಬೆಂದ ಇಟ್ಟಿಗೆಯಂತಿರುತ್ತವೆ. ಅದೇ ಕಾಲದಲ್ಲಿ ಈ ಕಡೆಯ ಇಳಿಜಾರಿನಲ್ಲಿ ಚೆಸ್ಟ್‌ನಟ್ ಮರಗಳು, ವಾಲ್ನಟ್ಟು, ಚೆರಿ, ಕೆಳಗೆ ಬಾದಾಮಿ, ಅಂಜೂರ, ಆಲಿವ್ ತೋಪುಗಳು ಹಸುರಾಗಿರುತ್ತವೆ. ಕಲ್ಲುಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಹೊಲಗಳಲ್ಲಿ ತರಕಾರಿ ಬೆಳೆದು ನಿಂತಿರುತ್ತದೆ. ನೋಡಿದವರು ಇದು ಪ್ರಕೃತಿಯ ಕೊಡುಗೆ ಎಂದು ಕೊಂಡಾಡಿ ಮುಂದೆ ಹೋಗುವುದು ಸಹಜ. ಆದರೆ ಪ್ರಕೃತಿಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಕರಗಿದ ಹಿಮವೆಲ್ಲವೂ ಕಡಿದಾದ ಹಳ್ಳಗಳಲ್ಲಿ ಧುಮ್ಮಿಕ್ಕಿ ಬೇಗನೆ ಕಡಲನ್ನು ಸೇರಿಬಿಡುತ್ತಿದ್ದಿತು. ಹಾಗಾಗದಂತೆ ತಡೆದುದು ಮನುಷ್ಯನ ಕೈ.

ಆ ತಡೆಯುವ ಬಗೆ ಬಹು ಸ್ವಾರಸ್ಯವಾದುದು. ಪರ್ವತದ ನೆತ್ತಿಗೆ ಸಮೀಪವಾಗಿ, 2,000 ಮೀಟರಿಗೂ ಮೇಲೆ, ಹಳ್ಳಗಳಿಂದ ಕಾಲುವೆಗಳನ್ನು ತೆಗೆದಿದ್ದಾರೆ. ಅಸೇಕಿಯಾ ಎಂದು ಅವಕ್ಕೆ ಹೆಸರು. ಇವುಗಳಲ್ಲಿ ಒಂದು ಜಾತಿಯ ಕಾಲುವೆಗಳು ಯಾವ ಹೊಲಕ್ಕೂ ಹೋಗುವುದಿಲ್ಲ. ವಸಂತಕಾಲದಲ್ಲಿ ಹಿಮ ಕರಗುವಾಗ ನೀರನ್ನು ಬೆಟ್ಟದ ಮೈಯ ಸುತ್ತಲೂ ಸಾವಕಾಶವಾಗಿ ನಡೆಸಿಕೊಂಡು ಹೋಗಿ, ಹಿರಿಯರು ಗೊತ್ತುಮಾಡಿದ ಒಂದು ಸ್ಥಳದಲ್ಲಿ ಹುಲ್ಲುಗಾವಲಿನ ಮೇಲೆ ಸುಮ್ಮನೆ ಚೆಲ್ಲಿಬಿಡುತ್ತವೆ. ತಿಳಿಯದವರಿಗೆ ಇದು ಶುದ್ಧ ಅವಿವೇಕವೆಂದು ಕಾಣಬೇಕು. ಆದರೆ ಆ ಸ್ಥಳಗಳಲ್ಲಿ ಕಲ್ಲು ಸಡಿಲವಾಗಿ ಬಿರುಕುಬಿಟ್ಟಿರುತ್ತದೆ. ಚೆಲ್ಲಿದ ನೀರು ಒಳಕ್ಕೆ ಇಂಗಿ, ನೆಲದೊಳಗೆ ಬಹು ನಿಧಾನವಾಗಿ ಇಳಿಯುತ್ತಾ, ವಾರಗಳು ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ, ಬೇಸಗೆಯ ಬೇಗೆಯಲ್ಲಿ, ಕೆಳಗೆ ಹಳ್ಳಿಗಳ ಬಳಿ ಊಟೆಯಾಗಿ ಹೊರಬೀಳುತ್ತದೆ. ಅದನ್ನು ಎರಡನೆಯ ಸಾಲಿನ ಕಾಲುವೆಗಳು ಹಿಡಿದು ಹೊಲಗಳಿಗೆ ಒಯ್ಯುತ್ತವೆ. ಹೀಗೆ ನೀರನ್ನು ಇಂಗಿಸುವ ಕ್ರಮಕ್ಕೆ ಕರೇಓ ಎನ್ನುತ್ತಾರೆ. ನಮ್ಮ ಪೂರ್ವಿಕರು ಬೆಟ್ಟದ ಬುಡದಲ್ಲಿ ಕೆರೆಯನ್ನು ಕಟ್ಟಿದರು; ಅಲ್ಪುಹಾರದವರು ಬೆಟ್ಟವನ್ನೇ ಕೆರೆಯನ್ನಾಗಿ ಮಾಡಿಕೊಂಡರು. ಬೆರ್ಚುಲೆಸ್ ಎಂಬ ಊರಿನ ಮೇಲಣ ಜಲಾನಯನ ಪ್ರದೇಶವನ್ನು ಇತ್ತೀಚೆಗೆ ಭೂವಿಜ್ಞಾನಿಗಳು ಪರೀಕ್ಷಿಸಿ, ಅಲ್ಲಿನ ಅಂತರ್ಜಲದಲ್ಲಿ ಗಣನೀಯವಾದ ಪಾಲು ಈ ಕಾಲುವೆಗಳಿಂದಲೇ ಬಂದುದೆಂದು ಕಂಡುಕೊಂಡಿದ್ದಾರೆ.

ಇಂಥ ಕಾಲುವೆಗಳಿಗೆ ಗಾರೆಯಿಲ್ಲ. ಮಣ್ಣು, ಕಲ್ಲು, ಹುಲ್ಲುಹೆಂಟೆಗಳೇ ಅವುಗಳ ಕಟ್ಟಡ. ಆದುದರಿಂದ ದಾರಿಯುದ್ದಕ್ಕೂ ನೀರು ಸೋರುತ್ತದೆ. ಆಧುನಿಕ ಇಂಜಿನಿಯರನು ಇದನ್ನು ನೋಡಿ, "ಇಷ್ಟು ನೀರು ನಷ್ಟವಾಗುತ್ತಿದೆ, ಕೊಳಾಯಿ ಹಾಕಿರಿ" ಎಂದು ಹೇಳಬಹುದು. ಕೆಲವೆಡೆ ಹಾಗೆ ಹಾಕಿದ್ದೂ ಉಂಟು. ಆದರೆ ಕಾಲುವೆಯ ಕೆಳಗಣ ಮರಗಳು ಬದುಕಿರುವುದೂ, ದನಕುರಿಗಳಿಗೆ ಹುಲ್ಲು ಸಿಕ್ಕುವುದೂ, ಕೆಳಗಿನ ಊಟೆಗಳು ಬತ್ತದಿರುವುದೂ ಈ ಸೋರಿಕೆಯಿಂದಲೇ. ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ಬರೆದುದು ಬೆಟ್ಟದ ಪುಸ್ತಕದಲ್ಲಿ ಜಮೆಯಾಗಿರುತ್ತದೆ.

ಇಷ್ಟು ಸೂಕ್ಷ್ಮವಾದ ಏರ್ಪಾಡು ತಾನಾಗಿ ನಡೆಯದು. ಚಳಿಗಾಲದಲ್ಲಿ ಕುಸಿದ ದಂಡೆಗಳನ್ನು ಪ್ರತಿ ವರ್ಷವೂ ಕಟ್ಟಬೇಕು. ತುಂಬಿದ ಹೂಳನ್ನು ತೆಗೆಯಬೇಕು. ಯಾವ ದಿನ ಯಾವ ಹೊತ್ತಿಗೆ ಯಾರ ಹೊಲಕ್ಕೆ ನೀರೆಂಬ ಸರದಿಯನ್ನು ತಪ್ಪದೆ ನಡೆಸಬೇಕು. ನೀರು ಪಡೆಯುವವರೆಲ್ಲರೂ ಸೇರಿದ ಒಂದು ಸಂಘ, ಅದರ ಕಟ್ಟಳೆಗಳು, ಅದು ನೇಮಿಸಿದ ಒಬ್ಬ ನೀರಾಳು — ಇವು ಪ್ರತಿಯೊಂದು ಕಾಲುವೆಗೂ ಬೇಕು. ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿಗೆ ಯಾವ ಸ್ಥಾನವೋ ಅಲ್ಲಿ ಅಸೇಕಿಯೇರೋ ಎಂಬವನಿಗೆ ಅದೇ ಸ್ಥಾನ. ಯಾವ ಬಿರುಕಿಗೆ ಬಿಟ್ಟ ನೀರು ಯಾವ ಊಟೆಯಲ್ಲಿ ಏಳುವುದೆಂಬುದು ಯಾವ ನಕ್ಷೆಯಲ್ಲಿಯೂ ಇಲ್ಲ. ಅವನ ತಲೆಯಲ್ಲಿ ಇದೆ.

ಈ ವಿದ್ಯೆಯನ್ನು ಅಲ್ಲಿ ನೆಲೆಗೊಳಿಸಿದವರು ಯಾರು? ಉತ್ತರವನ್ನು ಭಾಷೆಯೇ ಕೊಡುತ್ತದೆ. ಕಾಲುವೆಗೆ ಸ್ಪ್ಯಾನಿಷ್ ಭಾಷೆಯ ಅಸೇಕಿಯಾ ಎಂಬ ಮಾತು ಅರಬ್ಬಿಯ ಅಸ್-ಸಾಕಿಯಾ. ಅಡ್ಡಗಟ್ಟೆಗೆ ಅಸೂದ್ ಎಂಬುದು ಅಸ್-ಸುದ್ದ್. ನೀರಿನ ಕೊಳಕ್ಕೆ ಅಲ್ಬೆರ್ಕಾ ಎಂಬುದು ಅಲ್-ಬಿರ್ಕಾ. ಕ್ರಿ. ಶ. 711ರ ತರುವಾಯ ಸ್ಪೇನಿಗೆ ಬಂದ ಅರಬ್ಬರು, ಬರ್ಬರರು, ಅವರೊಡನೆ ಬೆರೆತ ನಾಡಜನರು ಈ ಬೆಟ್ಟಗಳಲ್ಲಿ ಶತಮಾನಗಳ ಕಾಲ ಬೇಸಾಯ ಮಾಡಿದರು. ಹಿಪ್ಪುನೇರಳೆಯನ್ನು ಬೆಳೆಸಿ ರೇಷ್ಮೆಯನ್ನು ತೆಗೆದರು. ಗ್ರಾನಾಡಾದ ರೇಷ್ಮೆಗೆ ಐರೋಪ್ಯ ಪೇಟೆಗಳಲ್ಲಿ ಹೆಸರಿದ್ದಿತು. ಹಿಪ್ಪುನೇರಳೆಗೆ ಎಷ್ಟು ನೀರು, ಎಷ್ಟು ಆರೈಕೆ ಬೇಕೆಂಬುದನ್ನು ಮೈಸೂರು ಸೀಮೆಯವರಿಗೆ ನಾನು ಹೇಳಬೇಕಾದುದಿಲ್ಲ.

ಗ್ರಾನಾಡಾ ಬಿದ್ದ ಕೆಲವು ವರ್ಷಗಳಲ್ಲಿಯೇ ಈ ಜನಗಳನ್ನು ಬಲಾತ್ಕಾರದಿಂದ ಕ್ರೈಸ್ತಮತಕ್ಕೆ ಸೇರಿಸಿದರು. ಅಂದಿನಿಂದ ಅವರಿಗೆ ಮೊರಿಸ್ಕೋ ಎಂದು ಹೆಸರಾಯಿತು. ಆಮೇಲೆ 1567ರಲ್ಲಿ ದೊರೆ ಎರಡನೆಯ ಫಿಲಿಪ್ಪನು ಅವರ ಅರಬ್ಬಿ ಭಾಷೆ, ಉಡುಪು, ಹೆಸರುಗಳು, ಸ್ನಾನಗೃಹಗಳು ಎಲ್ಲವನ್ನೂ ನಿಷೇಧಿಸಿದನು. ಮರುವರ್ಷ ಕ್ರಿಸ್‌ಮಸ್ ಹಬ್ಬದ ಹಿಂದಿನ ರಾತ್ರಿ ಅಲ್ಪುಹಾರ ದಂಗೆಯೆದ್ದಿತು. ಹಳೆಯ ರಾಜವಂಶದವನೆಂದು ಹೇಳಿಕೊಂಡ ಒಬ್ಬ ಯುವಕನು ಅಬೆನ್ ಉಮೇಯಾ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದು, ವರ್ಷ ತುಂಬುವುದರೊಳಗಾಗಿ ತನ್ನವರಿಂದಲೇ ಹತನಾದನು. ಎರಡು ಕಡೆಯವರೂ ಮಾಡಿದ ಕ್ರೌರ್ಯಕ್ಕೆ ಮಿತಿಯಿರಲಿಲ್ಲ. ದೊರೆಯ ಮಲತಮ್ಮನಾದ ಆಸ್ಟ್ರಿಯಾದ ಡಾನ್ ಹ್ವಾನನು ಸೈನ್ಯ ತಂದು ದಂಗೆಯನ್ನು ಮುರಿದನು. 1571ರಲ್ಲಿ ಎಲ್ಲವೂ ಮುಗಿಯಿತು. 1570ರ ಚಳಿಗಾಲದ ಮೊದಲಲ್ಲಿಯೇ ಮೊರಿಸ್ಕೋ ಜನರನ್ನು ಊರೂರಿನಿಂದ ಹೊರಡಿಸಿ ಕ್ಯಾಸ್ಟೀಲಿನ ದೂರದೂರದ ಸೀಮೆಗಳಿಗೆ ಅಟ್ಟಿದ್ದರು. ಹೀಗೆ ಗ್ರಾನಾಡಾ ರಾಜ್ಯದಿಂದ ಹೊರಟವರ ಸಂಖ್ಯೆ ಸುಮಾರು 80,000 ಎಂದು ಇತಿಹಾಸಜ್ಞರ ಅಂದಾಜು. ದಾರಿಯ ಚಳಿ ರೋಗಗಳಲ್ಲಿ ಸತ್ತವರು ಬಹುಮಂದಿ.

ಬರಿದಾದ ಹಳ್ಳಿಗಳಿಗೆ ಗಲೀಸಿಯಾ, ಲೆಓನ್, ಕ್ಯಾಸ್ಟೀಲ್ ಮುಂತಾದ ಉತ್ತರದ ಸೀಮೆಗಳಿಂದ ಒಕ್ಕಲುಗಳನ್ನು ಕರೆತಂದರು. ಅವರಲ್ಲಿ ಅನೇಕರು ಮಳೆಯ ನಾಡಿನವರು. ಕಾಲುವೆಯ ಬೇಸಾಯವನ್ನು ಕಂಡವರಲ್ಲ. ಆಗ ಸರ್ಕಾರದವರು ಪ್ರತಿಯೊಂದು ಊರಿನ ಹೊಲ, ಮರ, ನೀರುಗಳ ಹಕ್ಕನ್ನು ವಿಚಾರಿಸಿ ದಫ್ತರಗಳಲ್ಲಿ ಬರೆಯಿಸಿದರು. ಅವುಗಳಲ್ಲಿ ಎಷ್ಟೋ ಇಂದಿಗೂ ಉಳಿದಿವೆ. ನೀರಿನ ಸರದಿ ಹಿಂದಿನವರ ಕಾಲದಲ್ಲಿ ಹೇಗಿದ್ದಿತೋ ಹಾಗೆಯೇ ನಡೆಯತಕ್ಕದ್ದೆಂಬುದು ಅವುಗಳ ತಾತ್ಪರ್ಯ. ಹೊಸಬರಿಗೆ ಕಾಲುವೆಯ ಕೆಲಸವನ್ನೂ ರೇಷ್ಮೆಯ ಕೆಲಸವನ್ನೂ ಕಲಿಸುವುದಕ್ಕಾಗಿ ಊರಿಗೆ ಎರಡು ಮೊರಿಸ್ಕೋ ಕುಟುಂಬಗಳನ್ನು ಉಳಿಸಿಕೊಂಡರೆಂದು ಆ ಸೀಮೆಯಲ್ಲಿ ಹೇಳುವುದುಂಟು. ಯಾರ ಭಾಷೆ, ಯಾರ ಉಡುಪು, ಯಾರ ಹೆಸರು ಬೇಡವಾಯಿತೋ ಅವರ ನೀರಿನ ಕಟ್ಟಳೆ ಮಾತ್ರ ಬೇಕಾಯಿತು. ಇಂದು ಅಲ್ಪುಹಾರದ ಎತ್ತರದ ಊರಾದ ತ್ರೆವೇಲೆಸ್, ತಣ್ಣನೆಯ ಒಣಗಾಳಿಯಲ್ಲಿ ಹದಗೊಳಿಸಿದ ಹಂದಿಯ ಮಾಂಸಕ್ಕೆ ಸ್ಪೇನಿನಲ್ಲೆಲ್ಲಾ ಹೆಸರಾಗಿದೆ. ಆ ಊರಿನ ಸುತ್ತಲಿನ ಕಾಲುವೆಗಳಿಗೆ ಹೆಸರಿಟ್ಟವರು ಹಂದಿಯನ್ನು ಮುಟ್ಟದ ಜನ. ಮನುಷ್ಯರು ಬದಲಾದರು, ಊಟ ಬದಲಾಯಿತು, ದೇವಾಲಯ ಬದಲಾಯಿತು, ಕಾಲುವೆ ಬದಲಾಗಲಿಲ್ಲ.

ಆಮೇಲೆ ಮುನ್ನೂರೈವತ್ತು ವರ್ಷ ಹೊರಲೋಕಕ್ಕೆ ಈ ಸೀಮೆ ಬಹುಮಟ್ಟಿಗೆ ಮರೆತೇ ಹೋಗಿದ್ದಿತು. 1920ರಲ್ಲಿ ಜೆರಾಲ್ಡ್ ಬ್ರೆನನ್ ಎಂಬ ಆಂಗ್ಲೇಯನು ಮೊದಲನೆಯ ಮಹಾಯುದ್ಧದಿಂದ ಹಿಂತಿರುಗಿ, ಅಗ್ಗವಾಗಿ ಬದುಕುತ್ತಾ ಓದಿಕೊಂಡಿರಲು ತಕ್ಕ ಸ್ಥಳವನ್ನು ಹುಡುಕುತ್ತಾ ಇಲ್ಲಿಗೆ ಬಂದನು. ಯೆಹೆನ್ ಎಂಬ ಹಳ್ಳಿಯಲ್ಲಿ ಮನೆ ಹಿಡಿದು, ನಡುನಡುವೆ ಬಿಟ್ಟು ಹೋಗುತ್ತಾ ಬರುತ್ತಾ, 1934ರವರೆಗೆ ಇದ್ದನು. ಅವನನ್ನು ನೋಡಲು ಲಿಟನ್ ಸ್ಟ್ರೇಚಿ, ವರ್ಜೀನಿಯಾ ವುಲ್ಫ್ ಮೊದಲಾದ ಪ್ರಸಿದ್ಧ ಲೇಖಕರು ಈ ದುರ್ಗಮವಾದ ಬೆಟ್ಟವನ್ನು ಏರಿ ಬಂದರು. 1957ರಲ್ಲಿ ಅವನು ಪ್ರಕಟಿಸಿದ 'ಸೌತ್ ಫ್ರಮ್ ಗ್ರಾನಾಡಾ' ಎಂಬ ಗ್ರಂಥದಲ್ಲಿ ಆ ಹಳ್ಳಿಯ ಹಬ್ಬ, ಮದುವೆ, ಮಾಟ, ಬೇಸಾಯ ಎಲ್ಲವೂ ಚಿತ್ರಿತವಾಗಿವೆ. ಇಂಗ್ಲಿಷು ಓದಬಲ್ಲವರಿಗೆ ಅಲ್ಪುಹಾರದ ಹೆಬ್ಬಾಗಿಲು ಆ ಪುಸ್ತಕವೇ.

ಆದರೆ ಆ ಗ್ರಂಥ ಅಚ್ಚಾಗುವ ಹೊತ್ತಿಗೆ ಅದರಲ್ಲಿ ಬಣ್ಣಿಸಿದ ಬಾಳು ಕರಗುತ್ತಿದ್ದಿತು. 1950ರಿಂದ ಈಚೆಗೆ ಅಲ್ಪುಹಾರ ಎರಡನೆಯ ಬಾರಿ ಬರಿದಾಯಿತು. ಈ ಸಲ ಅಟ್ಟಿದವನು ದೊರೆಯಲ್ಲ, ಬಡತನ. ಮಕ್ಕಳು ಬಾರ್ಸೆಲೋನಾಕ್ಕೆ, ಫ್ರಾನ್ಸಿಗೆ, ಜರ್ಮನಿಗೆ ಕೂಲಿಗೆ ಹೋದರು. ಕೆಲವರು ಬಹಳ ದೂರ ಹೋಗಬೇಕಾಗಲಿಲ್ಲ. ಬೆಟ್ಟವಿಳಿದು ಆಲ್ಮೆರಿಯಾ ತೀರದ ಬಯಲಿಗೆ ಹೋದರು. ಅಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ತರಕಾರಿ ಬೆಳೆಯುವ ಉದ್ಯಮ ಬೆಳೆದು, ಆಲ್ಮೆರಿಯಾ ಪ್ರಾಂತದಲ್ಲಿ ಈಗ ಸುಮಾರು 30,000 ಹೆಕ್ಟೇರು ನೆಲವನ್ನು ಮುಚ್ಚಿದೆ. ಬೆಟ್ಟದ ಏಣಿನ ಮೇಲೆ ನಿಂತು ನೋಡಿದರೆ ಕಡಲಿನ ಈಚೆಗೆ ಇನ್ನೊಂದು ಬಿಳಿಯ ಕಡಲು ಕಾಣುತ್ತದೆ. ಐರೋಪ್ಯ ದೇಶಗಳ ಚಳಿಗಾಲದ ಟೊಮೇಟೊ ಸೌತೆಕಾಯಿಗಳಲ್ಲಿ ದೊಡ್ಡ ಪಾಲು ಇಲ್ಲಿಂದ ಹೋಗುತ್ತದೆ. ಅದರಿಂದ ಬಡವರ ಮನೆಗೆ ಹಣ ಬಂದಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಬೇಸಾಯಕ್ಕೆ ನೀರು ಬಂದುದು ಕೊಳವೆಬಾವಿಗಳಿಂದ. ಇಂಗಿದುದಕ್ಕಿಂತ ಹೆಚ್ಚು ಮೇಲೆತ್ತಿದುದರಿಂದ ಕೆಲವೆಡೆ ನೆಲದೊಳಕ್ಕೆ ಕಡಲಿನ ಉಪ್ಪುನೀರು ನುಗ್ಗಿತು. ಮೇಲೆ ನೀರನ್ನು ನೆಲಕ್ಕೆ ಸಾಲ ಕೊಡುತ್ತಿದ್ದವರ ಮಕ್ಕಳು ಕೆಳಗೆ ನೆಲದಿಂದ ನೀರನ್ನು ಸಾಲ ತೆಗೆಯುವವರಾದರು.

ಬೆಟ್ಟದ ಮೇಲೆ ಏನಾಯಿತು? ಹೂಳು ತೆಗೆಯುವ ಕೈಗಳಿಲ್ಲದೆ ಕಾಲುವೆಗಳು ಮುಚ್ಚಿಹೋದವು. ಕಾಲುವೆ ನಿಂತ ಕಡೆ ಅದರ ಕೆಳಗಣ ಚೆಸ್ಟ್‌ನಟ್ ಮರಗಳು ಒಣಗಿದವು, ಊಟೆಗಳು ಸಣ್ಣಗಾದವು, ಹೊಲದ ಕಲ್ಲುಕಟ್ಟೆಗಳು ಕುಸಿದವು. ಸಿಯೆರಾ ನೆವಾಡಾ 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಮನುಷ್ಯನ ಕೈಯಿಂದಲೇ ಹಸುರಾದ ಬೆಟ್ಟವನ್ನು ಮನುಷ್ಯನನ್ನು ದೂರವಿಟ್ಟು ಕಾಪಾಡಲಾಗುವುದಿಲ್ಲವೆಂಬುದು ಕ್ರಮೇಣ ಎಲ್ಲರಿಗೂ ತಿಳಿದುಬಂದಿತು.

2014ರಿಂದ ಈಚೆಗೆ ಗ್ರಾನಾಡಾ ವಿಶ್ವವಿದ್ಯಾಲಯದ ವಿದ್ವಾಂಸರು, ವಿದ್ಯಾರ್ಥಿಗಳು, ಸ್ವಯಂಸೇವಕರು ಹಳ್ಳಿಗರೊಡನೆ ಸೇರಿ, ಗುದ್ದಲಿ ಸಲಿಕೆಗಳನ್ನು ಹಿಡಿದು, ಪಾಳುಬಿದ್ದ ಕಾಲುವೆಗಳನ್ನು ಒಂದೊಂದಾಗಿ ತೋಡುತ್ತಿದ್ದಾರೆ. ಪ್ರಾಚೀನ ವಸ್ತು ಸಂಶೋಧನೆ ಮಾಡತಕ್ಕವರು ಇಲ್ಲಿ ಅಗೆಯುವುದು ವಸ್ತುಸಂಗ್ರಹಾಲಯಕ್ಕಾಗಿ ಅಲ್ಲ. ಮತ್ತೆ ನೀರು ಬಿಡುವುದಕ್ಕಾಗಿ. ಅವರಿಗಿರುವ ಆತುರಕ್ಕೆ ಕಾರಣವುಂಟು. ಹಿಮ ಕಡಮೆಯಾಗುತ್ತಿದೆ, ಬರಗಾಲಗಳು ಹೆಚ್ಚುತ್ತಿವೆ. ಅದಕ್ಕಿಂತಲೂ ಮುಖ್ಯವಾಗಿ, ಎಲ್ಲಿ ನೀರನ್ನು ಬಿಟ್ಟರೆ ಎಲ್ಲಿ ಏಳುವುದೆಂದು ಬಲ್ಲ ನೀರಾಳುಗಳು ಮುದುಕರಾಗಿದ್ದಾರೆ. ಕಾಲುವೆಯನ್ನು ನೂರು ವರ್ಷ ಬಿಟ್ಟು ತೋಡಬಹುದು. ಆ ಮುದುಕರನ್ನು ಕೇಳುವುದಕ್ಕೆ ಅಷ್ಟು ಕಾಲವಿಲ್ಲ.

ಈ ದೂರದ ಬೆಟ್ಟಕ್ಕೂ ನಮಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಣ್ಣದಾದರೂ ನಿಜವಾದ ಒಂದು ಸಂಬಂಧವುಂಟು. 1980ರ ಸುಮಾರಿಗೆ ಬುಬಿಯೋನಿನ ಬಳಿಯ ಬೆಟ್ಟದಲ್ಲಿ ಟಿಬೆಟಿನ ಬೌದ್ಧರ ಒಂದು ಧ್ಯಾನಮಂದಿರ ಏರ್ಪಟ್ಟಿತು. 1985ರಲ್ಲಿ ಆ ಊರಿನಲ್ಲಿದ್ದ ದಂಪತಿಗಳಿಗೆ ಹುಟ್ಟಿದ ಗಂಡುಮಗುವನ್ನು ಒಬ್ಬ ಲಾಮಾ ಗುರುವಿನ ಪುನರ್ಜನ್ಮವೆಂದು ದಲಾಯಿ ಲಾಮಾ ಅವರು ಒಪ್ಪಿದರು. ಆ ಹುಡುಗ ವಿದ್ಯಾಭ್ಯಾಸಕ್ಕಾಗಿ ಬಂದು ಬೆಳೆದುದು ನಮ್ಮ ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಸೇರಾ ಮಠದಲ್ಲಿ. ಅರಬ್ಬರು ಬಂದು ಹೋದ ಬೆಟ್ಟಕ್ಕೆ ಆಂಗ್ಲೇಯರು ಬಂದರು, ಬೌದ್ಧರೂ ಬಂದರು. ಬಂದವರೆಲ್ಲರೂ ಕುಡಿದುದು ಆ ಕಾಲುವೆಗಳು ಇಂಗಿಸಿದ ನೀರನ್ನೇ.

ಇದರಿಂದ ನಾವು ಗ್ರಹಿಸಬಹುದಾದುದು ಇಷ್ಟು. ಒಂದು ಸೀಮೆಯ ಚೆಲುವನ್ನು ನೋಡಲು ಹೋದವರು, ಅದನ್ನು ಪ್ರತಿ ವರ್ಷವೂ ಹೊಸದಾಗಿ ಮಾಡುವವರು ಯಾರೆಂದು ಕೇಳಬೇಕು. ಅಲ್ಪುಹಾರದ ಕಾಲುವೆಗಳಿಗೆ ಒಡೆಯನ ಮತದ ಗೊಡವೆ ಇಲ್ಲ, ಭಾಷೆಯ ಗೊಡವೆ ಇಲ್ಲ. ಮುಸಲ್ಮಾನನು ತೋಡಿದುದನ್ನು ಕ್ರೈಸ್ತನು ಕಾಪಾಡಿದನು. ಮುಂದೆ ಯಾರು ಕಾಪಾಡಿದರೂ ಅವು ಹರಿದಾವು. ಆದರೆ ಹಿಮ ಕರಗುವ ಹೊತ್ತಿಗೆ ಗುದ್ದಲಿ ಹಿಡಿದು ಮೇಲೇರಿ ಬರುವವನೊಬ್ಬನು ಬೇಕೇ ಬೇಕು.